ಶಾಕ್ ಕೊಳ್ಳಬೇಕಾ, ಲಿಂಕನ್‌ಗೆ ಹೋಗಬೇಕಾ? ಆಟೋಕ್ರಾಸ್ ನ್ಯಾಷನಲ್ಸ್ ಬಗ್ಗೆ ಒಂದು ಉತ್ತರ

ಮಿಶಿಗನ್‌ನಲ್ಲಿರುವ ಓದುಗರೊಬ್ಬರು ಬರೆದಿದ್ದಾರೆ. ಉದ್ದ ಪತ್ರ, ಸಾರ ಇಷ್ಟು:

"ಸರ್, ನನಗೆ 36 ವರ್ಷ. ಓದಿದ್ದು ಮೈಸೂರಲ್ಲಿ, ಈಗ ಇಲ್ಲಿ ಸಾಫ್ಟ್‌ವೇರ್ ಕೆಲಸ. ಮೂರು ವರ್ಷದಿಂದ ನನ್ನ ಟೊಯೋಟಾ ಜಿಆರ್86 ಕಾರಿನಲ್ಲಿ ಆಟೋಕ್ರಾಸ್ ಮಾಡ್ತಿದ್ದೀನಿ. ಅದೇ ಕಾರಲ್ಲಿ ಆಫೀಸಿಗೂ ಹೋಗ್ತೀನಿ. ಲೋಕಲ್ ಈವೆಂಟ್‌ಗಳಲ್ಲಿ ನನ್ನ ಕ್ಲಾಸ್‌ನಲ್ಲಿ ಬಹುಪಾಲು ನಾನೇ ಮೊದಲು, ಎಲ್ಲ ಕ್ಲಾಸ್‌ನವರನ್ನೂ ಹೋಲಿಸುವ ಪ್ಯಾಕ್ಸ್ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಇರ್ತೀನಿ. ಈ ಬೇಸಿಗೆಯಲ್ಲಿ ಮೊದಲ ಸಲ ಚಾಂಪ್ ಟೂರ್‌ಗೆ, ಅಂದರೆ ಎರಡು ದಿನದ ರಾಷ್ಟ್ರ ಮಟ್ಟದ ಈವೆಂಟ್‌ಗೆ ಹೋದೆ. ಎರಡೂ ದಿನ ಸೇರಿ ಗೆದ್ದವರಿಗಿಂತ 2.8 ಸೆಕೆಂಡ್ ಹಿಂದೆ ಬಿದ್ದೆ. ಮುಂದಿದ್ದವರೆಲ್ಲರ ಕಾರಲ್ಲೂ ದುಬಾರಿ ಶಾಕ್ ಅಬ್ಸಾರ್ಬರ್ ಇತ್ತು. 3,000 ಡಾಲರ್ ಹಾಕಿ ಡಬಲ್ ಅಡ್ಜಸ್ಟಬಲ್ ಶಾಕ್, ಜೊತೆಗೆ ಕಾರನ್ನು ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್ ಹಾಕಿಸಲಾ? ಸೆಪ್ಟೆಂಬರ್‌ನಲ್ಲಿ ಲಿಂಕನ್‌ನ ನ್ಯಾಷನಲ್ಸ್‌ಗೆ ಹೋಗಲಾ, ಒಂದು ವರ್ಷ ಕಾಯಲಾ? ಚಿಕ್ಕಂದಿನಿಂದ ಗೋ-ಕಾರ್ಟ್ ಓಡಿಸಿದವರ ಎದುರು ನನ್ನಂಥವನಿಗೆ ಜಾಗ ಇದೆಯಾ? ಮನೆಯವರಿಗೆ ದುಡ್ಡಿನ ಚಿಂತೆ, ಸೇಫ್ಟಿ ಚಿಂತೆ ಎರಡೂ ಇದೆ."

ಪತ್ರದ ಜೊತೆ ಆ ಎರಡು ದಿನದ ಟೈಮ್‌ಗಳನ್ನೂ ವಿಡಿಯೋವನ್ನೂ ಕಳಿಸಿದ್ದಾರೆ. ಅದಕ್ಕೆ ನಾನು ತುಂಬಾ ಥ್ಯಾಂಕ್ಸ್ ಹೇಳಬೇಕು. ನಿಮ್ಮ ಪ್ರಶ್ನೆಯ ಉತ್ತರ ಪತ್ರಕ್ಕಿಂತ ಜಾಸ್ತಿ ಆ ಅಂಕಿಗಳಲ್ಲೇ ಇದೆ.

ಊರಲ್ಲಿರುವ ಓದುಗರಿಗೆ ಮೊದಲು ಎರಡು ಮಾತು. ನಮ್ಮ ಕಡೆ ಆಟೋಕ್ರಾಸ್ ಅಂದರೆ ಮಣ್ಣಿನ ಟ್ರ್ಯಾಕ್, ದೂಳು, ಅಡ್ಡಡ್ಡ ಜಾರುವ ಜಿಪ್ಸಿ ನೆನಪಾಗುತ್ತೆ. ಅಮೆರಿಕದ್ದು ಬೇರೆ. ದೊಡ್ಡ ಪಾರ್ಕಿಂಗ್ ಜಾಗದಲ್ಲೋ ಹಳೆ ವಿಮಾನ ನಿಲ್ದಾಣದಲ್ಲೋ ಕಿತ್ತಳೆ ಬಣ್ಣದ ಕೋನ್ ಇಟ್ಟು ದಾರಿ ಮಾಡುತ್ತಾರೆ. ಪಕ್ಕದಲ್ಲಿ ಓಡುವ ಇನ್ನೊಂದು ಕಾರು ಇರಲ್ಲ, ನಿಮ್ಮ ಎದುರಾಳಿ ಗಡಿಯಾರ ಮಾತ್ರ. ಒಂದು ರನ್ ಸುಮಾರು ಒಂದು ನಿಮಿಷ. ಕೋನ್ ಬಿದ್ದರೆ 2 ಸೆಕೆಂಡ್ ದಂಡ, ಗೇಟ್ (ಕೋನ್‌ಗಳ ನಡುವೆ ಹಾಯಬೇಕಾದ ಜಾಗ) ತಪ್ಪಿಸಿದರೆ ಆ ರನ್ ಲೆಕ್ಕಕ್ಕೇ ಇಲ್ಲ. ಇದನ್ನು ನಡೆಸುವುದು ಎಸ್‌ಸಿಸಿಎ, ಅಂದರೆ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ. ಇದರ ರಾಷ್ಟ್ರೀಯ ಚಾಂಪಿಯನ್‌ಶಿಪ್ 1973ರಿಂದ ಇದೆ, 2009ರಿಂದ ನೆಬ್ರಾಸ್ಕದ ಲಿಂಕನ್‌ನಲ್ಲಿ, ಹಳೆಯ ವಾಯುಪಡೆ ನೆಲೆಯ ಕಾಂಕ್ರೀಟ್ ಮೇಲೆ ನಡೀತಿದೆ. ಸಾವಿರಕ್ಕೂ ಹೆಚ್ಚು ಜನ ಓಡಿಸುತ್ತಾರೆ, ಬಹುತೇಕ ಎಲ್ಲರೂ ನಿಮ್ಮ ಹಾಗೆ ಕೆಲಸಕ್ಕೆ ರಜೆ ಹಾಕಿ ಬಂದವರೇ.

ಈಗ ನಿಮ್ಮ ಟೈಮ್‌ಗಳು. ಮೊದಲ ದಿನ ನಿಮ್ಮದು 61.9, ಆಮೇಲೆ 60.6 ಆದರೆ ಒಂದು ಕೋನ್, ಕೊನೆಗೆ 60.3. ಗೆದ್ದವರದ್ದು 59.4, 59.0, 58.9. ಎರಡನೇ ದಿನ ನಿಮ್ಮದು 62.4, 60.9, ಮೂರನೇದು 60.1 ಆದರೆ ಮತ್ತೆ ಕೋನ್. ಗೆದ್ದವರ ಒಳ್ಳೆಯ ಟೈಮ್ 59.5. ಒಟ್ಟು ನಿಮ್ಮದು 121.2, ಅವರದ್ದು 118.4.

ನೀವು ನೋಡಿದ್ದು ಕೊನೆಯ ಅಂಕಿಯನ್ನು. ನಾನು ನೋಡಿದ್ದು ಮೊದಲ ರನ್ನನ್ನು. ಮೊದಲ ದಿನ ನೀವು ಒಂದರಿಂದ ಮೂರನೇ ರನ್‌ಗೆ 1.6 ಸೆಕೆಂಡ್ ಸುಧಾರಿಸಿದ್ದೀರಿ, ಅವರು ಬರೀ ಅರ್ಧ ಸೆಕೆಂಡ್. ಅದೇ ಕಾರು, ಅದೇ ಟೈರ್, ಅದೇ ಶಾಕ್. ಹಾಗಾದರೆ ಆ 1.6 ಸೆಕೆಂಡ್ ಎಲ್ಲಿಂದ ಬಂತು? ಕೋರ್ಸ್ ಗೊತ್ತಾಗಿದ್ದರಿಂದ ಬಂತು. ಅವರಿಗೆ ಕೋರ್ಸ್ ಕಾರು ಹತ್ತೋ ಮುಂಚೆಯೇ ಗೊತ್ತಿತ್ತು. ನಿಮಗೆ ಕಾರು ಓಡಿಸಿದ ಮೇಲೆ ಗೊತ್ತಾಯ್ತು. ನಿಮ್ಮ ಇಡೀ ಸಮಸ್ಯೆ ಇದೇ ಅಂತ ನನಗನ್ನಿಸುತ್ತೆ.

ಲೋಕಲ್ ಈವೆಂಟ್‌ನಲ್ಲಿ ಇದು ಕಾಣಲ್ಲ. ಅಲ್ಲಿ ಐದಾರು ರನ್ ಸಿಗುತ್ತೆ, ಕೊನೆಯ ಹೊತ್ತಿಗೆ ಎಲ್ಲರೂ ಕೋರ್ಸ್ ಕಲಿತಿರುತ್ತಾರೆ. ನ್ಯಾಷನಲ್ಸ್‌ನಲ್ಲಿ ಎರಡು ಕೋರ್ಸ್, ಎರಡು ದಿನ, ಒಂದೊಂದರಲ್ಲಿ ಮೂರೇ ರನ್. ಎರಡರ ಒಳ್ಳೆಯ ಟೈಮ್ ಕೂಡಿಸುತ್ತಾರೆ, ಅಷ್ಟೇ. ಇಡೀ ವಾರದಲ್ಲಿ ಲೆಕ್ಕಕ್ಕೆ ಬರುವ ಡ್ರೈವಿಂಗ್ ಸುಮಾರು ಆರು ನಿಮಿಷ. ಆ ಕೋರ್ಸ್ ಮೇಲೆ ಪ್ರಾಕ್ಟೀಸ್ ಇಲ್ಲ, ಕಾಲ್ನಡಿಗೆಯಲ್ಲಿ ನೋಡಬಹುದು ಮಾತ್ರ.

ಪ್ಯಾಕ್ಸ್ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಬೇರೆ ಬೇರೆ ಕ್ಲಾಸ್‌ನ ಕಾರುಗಳನ್ನು ಹೋಲಿಸಲು ಟೈಮ್‌ಗೆ ಒಂದು ಗುಣಕ ಹಾಕುತ್ತಾರಲ್ಲ, ಆ ಗುಣಕ ಬರೋದು ದೇಶದ ದೊಡ್ಡ ಈವೆಂಟ್‌ಗಳಲ್ಲಿ ಒಳ್ಳೆ ಡ್ರೈವರ್‌ಗಳು ಮಾಡಿದ ಟೈಮ್‌ಗಳಿಂದ. ನಿಮ್ಮ ಊರಿನ ಪ್ಯಾಕ್ಸ್ ಪಟ್ಟಿ, ಆ ದಿನ ಅಲ್ಲಿ ಬಂದಿದ್ದವರ ನಡುವೆ ನೀವೆಲ್ಲಿದ್ದೀರಿ ಅಂತ ಹೇಳುತ್ತೆ. ಲಿಂಕನ್‌ನಲ್ಲಿ ನಿಮ್ಮದೇ ಕ್ಲಾಸ್‌ನಲ್ಲಿ, ನಿಮ್ಮ ಥರದ್ದೇ ಕಾರಲ್ಲಿ, ತಮ್ಮ ತಮ್ಮ ಊರಿನ ಮೊದಲನೆಯವರು ಸಾಲಾಗಿ ನಿಂತಿರುತ್ತಾರೆ. ಅಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಎರಡು ಮೂರು ಜನ ಇರೋದು ಮಾಮೂಲಿ.

ಶಾಕ್ ವಿಷಯಕ್ಕೆ ಬರೋಣ. ನನ್ನ ಹೊಟ್ಟೆಪಾಡೇ ಅದು, ಹದಿನೆಂಟು ವರ್ಷದಿಂದ ಡ್ಯಾಂಪರ್, ಅಂದರೆ ಶಾಕ್ ಟೆಸ್ಟಿಂಗ್‌ನಲ್ಲಿದ್ದೀನಿ. ಶಾಕ್ ಗ್ರಿಪ್ ಹುಟ್ಟಿಸಲ್ಲ. ನೀವು ಸ್ಟಿಯರಿಂಗ್ ತಿರುಗಿಸಿದಾಗ ಕಾರಿನ ಭಾರ ಒಂದು ಟೈರಿಂದ ಇನ್ನೊಂದಕ್ಕೆ ಎಷ್ಟು ಬೇಗ ಹೋಗುತ್ತೆ ಅನ್ನೋದನ್ನು ಅದು ನಿಯಂತ್ರಿಸುತ್ತೆ, ಏರುತಗ್ಗಿನ ಮೇಲೆ ಟೈರ್ ನೆಲ ಬಿಡದ ಹಾಗೆ ನೋಡಿಕೊಳ್ಳುತ್ತೆ. ಸ್ಲಾಲಮ್‌ನಲ್ಲಿ, ಅಂದರೆ ಸಾಲಾಗಿಟ್ಟ ಕೋನ್‌ಗಳ ನಡುವೆ, ಎಡಕ್ಕೆ ಬಲಕ್ಕೆ ತಿರುಗಿಸುವಾಗ ಒಳ್ಳೆ ಶಾಕ್ ಇದ್ದರೆ ಕಾರು ಮಾತು ಕೇಳುತ್ತೆ, ನಿಜ. ನನ್ನ ಅಂದಾಜಿನಲ್ಲಿ ಸರಿಯಾಗಿ ಹೊಂದಿಸಿದ ಶಾಕ್‌ನಿಂದ ಅರವತ್ತು ಸೆಕೆಂಡಿನ ಕೋರ್ಸ್‌ನಲ್ಲಿ ಎರಡು ಮೂರು ಹತ್ತಂಶ ಸಿಗಬಹುದು. ಸರಿಯಾಗಿ ಹೊಂದಿಸಿದರೆ ಅಂದೆ, ಗಮನಿಸಿ. ಗ್ರಿಡ್‌ನಲ್ಲಿ (ರನ್‌ಗೆ ಕಾಯುತ್ತಾ ಕಾರುಗಳು ನಿಲ್ಲುವ ಜಾಗ) ನಾನು ಜಾಸ್ತಿ ನೋಡಿರೋದು ಎಲ್ಲ ನಾಬ್‌ಗಳನ್ನೂ ಕೊನೆಯವರೆಗೆ ಬಿಗಿ ತಿರುಗಿಸಿಟ್ಟ ಕಾರುಗಳನ್ನ. ಅಂಥ ಕಾರಿನ ಒಳಗಿನ ಹಿಂದಿನ ಚಕ್ರ ಕಾಂಕ್ರೀಟಿನ ಜಾಯಿಂಟ್ ಮೇಲೆ ಕುಪ್ಪಳಿಸುತ್ತೆ, ಮಾಲೀಕರು "ಕಾರು ತುಂಬಾ ಸ್ಟಿಫ್ ಆಯ್ತು, ಸೂಪರ್" ಅಂತಾರೆ, ಟೈಮ್ ಮಾತ್ರ ಹಿಂದೆ ಹೋಗಿರುತ್ತೆ.

ಲೋವರಿಂಗ್ ಸ್ಪ್ರಿಂಗ್ ಮಾತ್ರ ದಯವಿಟ್ಟು ಬೇಡ. ನೀವು ಓಡಿಸೋದು ಸ್ಟ್ರೀಟ್ ವರ್ಗದಲ್ಲಿ. ಅಲ್ಲಿ ಶಾಕ್ ಬದಲಿಸಬಹುದು, ಕಾರು ವಾಲದಂತೆ ತಡೆಯುವ ಸ್ವೇ ಬಾರ್ ಒಂದನ್ನು ಬದಲಿಸಬಹುದು, ಬ್ರೇಕ್ ಪ್ಯಾಡ್ ಬದಲಿಸಬಹುದು, ಟ್ರೆಡ್‌ವೇರ್ (ಟೈರ್ ಎಷ್ಟು ನಿಧಾನ ಸವೆಯುತ್ತೆ ಅನ್ನುವ ಅಂಕಿ) 200 ಅಥವಾ ಜಾಸ್ತಿ ಇರುವ ಟೈರ್ ಹಾಕಬಹುದು. ಸ್ಪ್ರಿಂಗ್ ಮುಟ್ಟಿದ ಕ್ಷಣ ಕಾರು ಸ್ಟ್ರೀಟ್ ಟೂರಿಂಗ್ ವರ್ಗಕ್ಕೆ ಹೋಗುತ್ತೆ. ಅಲ್ಲಿರುವವರು ಸ್ಪ್ರಿಂಗ್ ಜೊತೆ ಅಗಲ ಚಕ್ರ, ಎಕ್ಸಾಸ್ಟ್ ಹೆಡರ್, ಇನ್ನೂ ಏನೇನೋ ಮಾಡಿಸಿಕೊಂಡು ಬಂದಿರುತ್ತಾರೆ. ನೀವು 300 ಡಾಲರ್ ಸ್ಪ್ರಿಂಗ್ ಹಾಕಿಸಿ ಅರೆಬರೆ ತಯಾರಿಯ ಕಾರಲ್ಲಿ ಅವರ ಜೊತೆ ನಿಲ್ಲಬೇಕಾಗುತ್ತೆ. ಪ್ರತಿ ಜನವರಿಯಲ್ಲಿ ಹೊಸ ರೂಲ್‌ಬುಕ್ ಬರುತ್ತೆ. ಏನೇ ಕೊಳ್ಳುವ ಮುಂಚೆ ನಿಮ್ಮ ಕ್ಲಾಸ್‌ನ ಆ ಕೆಲವು ಪುಟಗಳನ್ನು ಓದಿ. ಬರೆದಿಲ್ಲದ್ದನ್ನು ಮಾಡುವಂತಿಲ್ಲ, ಇದು ಆ ಪುಸ್ತಕದ ಮೂಲ ನಿಯಮ.

ದುಡ್ಡು ಹಾಕಲೇಬೇಕು ಅಂದರೆ ಟೈರ್‌ಗೆ ಹಾಕಿ. ಬ್ರಿಡ್ಜ್‌ಸ್ಟೋನ್ ಆರ್‌ಇ-71ಆರ್‌ಎಸ್, ಯೊಕೊಹಾಮಾ ಎ052 ಥರದ ಟೈರ್‌ಗಳು ನಿಮ್ಮ ಈಗಿನದ್ದಕ್ಕಿಂತ ಎಷ್ಟು ಬೇರೆ ಅನ್ನೋದು ಮೊದಲ ತಿರುವಿನಲ್ಲೇ ಗೊತ್ತಾಗುತ್ತೆ. ಎ052 ಬೇಗ ಬಿಸಿಯಾಗಿ ಹಿಡಿತ ಕೊಡುತ್ತೆ, ಜಾಸ್ತಿ ಬಿಸಿಯಾದರೆ ಜಾರುತ್ತೆ. ಅದಕ್ಕೇ ಗ್ರಿಡ್‌ನಲ್ಲಿ ಗಿಡಕ್ಕೆ ಔಷಧಿ ಹೊಡೆಯುವ ಪಂಪ್ ಹಿಡಿದು ಟೈರಿಗೆ ನೀರು ಹೊಡೆಯುವವರು ಕಾಣೋದು. ಒಳ್ಳೆ ವ್ಹೀಲ್ ಅಲೈನ್‌ಮೆಂಟ್ ಮಾಡಿಸಿ. ಶಾಕ್ ಆಮೇಲೆ ಕೊನೆಗೆ.

ಹಾಗಾದರೆ ಉಳಿದ ಸೆಕೆಂಡ್‌ಗಳು ಎಲ್ಲಿವೆ? ನಿಮ್ಮ ವಿಡಿಯೋ ನೋಡಿದೆ. ಸ್ಲಾಲಮ್‌ನಲ್ಲಿ ಪ್ರತಿ ಕೋನ್‌ನಿಂದ ಸುಮಾರು ಒಂದೂವರೆ ಅಡಿ ದೂರ ಹೋಗ್ತಿದ್ದೀರಿ. ಇದಕ್ಕೊಂದು ಲೆಕ್ಕ ಇದೆ, ಸ್ವಲ್ಪ ತಾಳ್ಮೆಯಿಂದ ಓದಿ. ನಿಮ್ಮ ಕಾರಿನ ಅಗಲ 1.775 ಮೀಟರ್, ಅರ್ಧ ಅಂದರೆ 89 ಸೆಂಟಿಮೀಟರ್. ಕೋನ್‌ಗೆ 15 ಸೆಂಟಿಮೀಟರ್ ಬಿಟ್ಟು ಹೋದರೆ ಕಾರಿನ ನಡುಗೆರೆ ಕೋನ್‌ಗಳ ಸಾಲಿನಿಂದ ಆಚೀಚೆ 1.04 ಮೀಟರ್ ಸರಿಯಬೇಕು. 45 ಸೆಂಟಿಮೀಟರ್ ಬಿಟ್ಟರೆ 1.34 ಮೀಟರ್. ಟೈರ್ ಪಕ್ಕಕ್ಕೆ 1 ಜಿ ಹಿಡಿತ ಕೊಡುತ್ತೆ ಅಂತಿಟ್ಟುಕೊಂಡು, ದಾರಿಯನ್ನು ನಯವಾದ ಅಲೆ ಅಂತ ಭಾವಿಸಿದರೆ, ಒಂದು ಕೋನ್‌ನಿಂದ ಇನ್ನೊಂದಕ್ಕೆ ಬೇಕಾದ ಸಮಯ ಮೊದಲನೆಯದಕ್ಕೆ ಸುಮಾರು 1.02 ಸೆಕೆಂಡ್, ಎರಡನೆಯದಕ್ಕೆ 1.16. ಒಂದು ಕೋನ್‌ಗೆ 0.14 ಸೆಕೆಂಡ್ ವ್ಯತ್ಯಾಸ. ಆರು ಕೋನ್‌ನ ಸ್ಲಾಲಮ್, ಅಂದರೆ ನಡುವೆ ಐದು ಅಂತರ ಇದ್ದರೆ, 0.7 ಸೆಕೆಂಡ್! ನಿಜವಾದ ಕೋರ್ಸ್ ಇಷ್ಟು ಸರಳ ಇರಲ್ಲ, ಆದರೆ ದಿಕ್ಕು ಇದೇ. ಮೂರು ಸಾವಿರ ಡಾಲರ್ ಶಾಕ್ ಕೊಡುವುದಕ್ಕಿಂತ ಜಾಸ್ತಿ ಸಮಯ ನಿಮ್ಮ ಕಾರಿನ ಬಾಗಿಲಿಗೂ ಕೋನ್‌ಗೂ ನಡುವಿನ ಆ ಒಂದು ಅಡಿಯಲ್ಲಿದೆ.

"ಹತ್ತಿರ ಹೋದರೆ ಕೋನ್ ಬೀಳುತ್ತಲ್ಲ ಸರ್" ಅಂತೀರಿ. ನಿಮಗೆ ಬಿದ್ದ ಎರಡೂ ಕೋನ್ ಯಾವುವು ನೋಡಿ. ಎರಡೂ ಸ್ಲಾಲಮ್‌ನ ಕೊನೆಯ ಕೋನ್. ಅಲ್ಲಿಗೆ ಬರುವ ಹೊತ್ತಿಗೆ ನೀವು ತಡವಾಗಿದ್ದಿರಿ. ಮೊದಲ ಕೋನ್‌ನಲ್ಲಿ ದೂರ ಹೋದವರು ಎರಡನೆಯದಕ್ಕೆ ಸ್ವಲ್ಪ ತಡ, ಮೂರನೆಯದಕ್ಕೆ ಇನ್ನೂ ತಡ, ಕೊನೆಯದಕ್ಕೆ ದಡಕ್ ಅಂತ ಕಾರಿನ ಕೆಳಗೆ ಸದ್ದು. ಕೋನ್ ಬೀಳೋದು ಹತ್ತಿರ ಹೋದದ್ದಕ್ಕಿಂತ ತಡವಾಗಿ ತಿರುಗಿಸಿದ್ದಕ್ಕೆ ಜಾಸ್ತಿ. ಕಾರು ಕೋನ್ ಪಕ್ಕಕ್ಕೆ ಬರುವ ಮುಂಚೆಯೇ ಸ್ಟಿಯರಿಂಗ್ ಆ ಕಡೆಗೆ ತಿರುಗಲು ಶುರುವಾಗಿರಬೇಕು. ಕಣ್ಣು ಹತ್ತಿರದ ಕೋನ್ ಮೇಲಿದ್ದರೆ ಅದು ಆಗಲ್ಲ. ಗಂಟೆಗೆ 70 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಹತ್ತಿರ ಹತ್ತಿರ 20 ಮೀಟರ್. ಹತ್ತು ಮೀಟರ್ ಮುಂದೆ ನೋಡುತ್ತಿದ್ದರೆ ನಿಮ್ಮ ಕೈಗೆ ಸಿಗೋದು ಅರ್ಧ ಸೆಕೆಂಡ್, ಅದರಲ್ಲಿ ಯೋಚಿಸೋಕೆ ಅರ್ಧ ಹೋಗುತ್ತೆ, ಕಾರು ತಿರುಗೋಕೆ ಇನ್ನರ್ಧ.

ಇನ್ನೊಂದು ಸಣ್ಣ ವಿಷಯ. ಪ್ರತಿ ಕೋನ್ ಸುತ್ತ ನೆಲದ ಮೇಲೆ ಒಂದು ಚೌಕ ಗೀಚಿರುತ್ತಾರೆ. ಕೋನ್ ಸವರಿಕೊಂಡು ಹೋಗಿ, ಅದು ನೆಟ್ಟಗೆ ನಿಂತಿದ್ದು ಚೌಕವನ್ನು ಸ್ವಲ್ಪವಾದರೂ ಮುಟ್ಟುತ್ತಿದ್ದರೆ ದಂಡ ಇಲ್ಲ. ಬಿದ್ದರೆ ಅಥವಾ ಪೂರ್ತಿ ಹೊರಗೆ ಹೋದರೆ ಮಾತ್ರ ದಂಡ. ದೊಡ್ಡ ಡ್ರೈವರ್‌ಗಳ ಕಾರಿನ ಹಿಂದಿನ ಬಂಪರ್ ಹತ್ತಿರದಿಂದ ನೋಡಿ, ಕಿತ್ತಳೆ ಬಣ್ಣದ ಗೀರು ತುಂಬಾ ಇರುತ್ತೆ.

ಈಗ ಕೋರ್ಸ್ ನಡೆಯುವ ಬಗ್ಗೆ. ನನ್ನ ಮೊದಲ ನ್ಯಾಷನಲ್ಸ್‌ನಲ್ಲಿ ನಾನು ಸ್ನೇಹಿತರ ಜೊತೆ ಹರಟುತ್ತಾ ನಾಲ್ಕು ಸಲ ನಡೆದೆ. ಮಾರನೇ ದಿನ ಎರಡನೇ ರನ್‌ನಲ್ಲಿ ಗೇಟ್ ತಪ್ಪಿಸಿದೆ. ಆ ಗೇಟ್ ಪಕ್ಕದಲ್ಲೇ ನಿಂತು ನಾನು ಹತ್ತು ನಿಮಿಷ ಮಾತಾಡಿದ್ದೆ. ಆ ದಿನದಿಂದ ನನ್ನ ರೀತಿ ಬದಲಾಯ್ತು. ಒಂದು ಸಲ ಎಲ್ಲರ ಜೊತೆ ನಡೆಯುತ್ತೀನಿ. ಆಮೇಲೆ ಸಂಜೆ, ಜನ ಕಮ್ಮಿಯಾದ ಮೇಲೆ, ಒಬ್ಬನೇ. ಮುಖ್ಯವಾದ ಜಾಗಗಳಲ್ಲಿ ಮಂಡಿಯೂರಿ ಕೂರುತ್ತೀನಿ. ನಿಂತಾಗ ಕಾಣುವ ಕೋರ್ಸ್ ಬೇರೆ, ಜಿಆರ್86ನ ಸೀಟಿನಿಂದ ಕಾಣುವುದು ಬೇರೆ. ಮಂಡಿಯೂರಿದಾಗ ಗೇಟ್‌ಗಳೆಲ್ಲ ಒಂದರ ಹಿಂದೊಂದು ಅಡಗಿ ಕಿತ್ತಳೆ ಬಣ್ಣದ ಬೇಲಿ ಥರ ಆಗಿಬಿಡುತ್ತೆ. ಆ ಬೇಲಿಯಲ್ಲಿ ಯಾವ ಕೋನ್ ನನ್ನದು ಅಂತ ಅಲ್ಲೇ ಗುರುತು ಹಾಕಿಕೊಳ್ಳಬೇಕು. ಕೈಯಿಂದ ನೆಲ ಮುಟ್ಟಿ ನೋಡಿ, ಮರಳಿದೆಯಾ, ಎಲ್ಲಿ ಜಾಯಿಂಟ್ ಎದ್ದಿದೆ.

ರಾತ್ರಿ ರೂಮಿನಲ್ಲಿ ಕಣ್ಣು ಮುಚ್ಚಿ, ಸ್ಟಾಪ್‌ವಾಚ್ ಒತ್ತಿ, ಮನಸ್ಸಿನಲ್ಲೇ ಇಡೀ ಕೋರ್ಸ್ ಓಡಿಸಿ. ಅರವತ್ತು ಸೆಕೆಂಡಿನ ಕೋರ್ಸ್ ನಿಮಗೆ ನಲವತ್ತೈದಕ್ಕೆ ಮುಗಿದರೆ ಎಲ್ಲೋ ಹದಿನೈದು ಸೆಕೆಂಡಿನ ಕೋರ್ಸ್ ನಿಮ್ಮ ತಲೆಯಲ್ಲಿಲ್ಲ. ಬೆಳಿಗ್ಗೆ ಹೋಗಿ ಆ ಭಾಗ ಮಾತ್ರ ನಡೆಯಿರಿ. ನಾನು ಕಲಿಸಿದವರಲ್ಲಿ ಅತಿ ಬೇಗ ಸುಧಾರಿಸಿದವರು ಇದನ್ನು ನಿಷ್ಠೆಯಿಂದ ಮಾಡಿದವರು.

ವಯಸ್ಸಿನ ಪ್ರಶ್ನೆ ಇಲ್ಲಿಗೇ ಸೇರುತ್ತೆ. ಕಾರ್ಟಿಂಗ್‌ನಿಂದ ಬಂದವರಿಗೆ ಕೈಕಾಲಿನ ಅಭ್ಯಾಸ ಚೆನ್ನಾಗಿರುತ್ತೆ, ಸುಳ್ಳಲ್ಲ. ಆದರೆ ಅವರು ಒಂದೇ ಟ್ರ್ಯಾಕ್‌ನಲ್ಲಿ ನೂರು ಸುತ್ತು ಹಾಕಿ ಕಲಿತವರು. ಕಾಣದ ಕೋರ್ಸನ್ನು ಮೊದಲ ಸಲವೇ ಓಡಿಸೋದು ಬೇರೆ ವಿದ್ಯೆ, ಅದು ವರ್ಷ ಕಳೆದ ಹಾಗೆ ಬಲಿಯುತ್ತೆ. ಐವತ್ತು ದಾಟಿದವರು ಈ ಚಾಂಪಿಯನ್‌ಶಿಪ್ ಗೆದ್ದಿದ್ದಾರೆ. 36 ಏನೇನೂ ಅಲ್ಲ.

ಹೋಗಬೇಕಾ ಬೇಡವಾ? ನಿಮ್ಮ ಮುಂದೆ ಮೂರು ದಾರಿ ಕಾಣುತ್ತೆ ನನಗೆ.

ಈ ಸೆಪ್ಟೆಂಬರ್‌ಗೇ ನಿಮ್ಮ ಕಾರಲ್ಲೇ ಹೋಗಬಹುದು. ಡೆಟ್ರಾಯಿಟ್ ಕಡೆಯಿಂದ ಸುಮಾರು 800 ಮೈಲಿ, ಹಿಂದಿನ ಸೀಟ್ ಮಡಚಿದರೆ ನಾಲ್ಕು ಟೈರ್ ಒಳಗೇ ಹಿಡಿಸುತ್ತೆ, ಟ್ರೇಲರ್ ಬೇಡ. ಒಂದು ವಾರ ರಜೆ, ಟೈರ್, ಹೋಟೆಲ್, ಪೆಟ್ರೋಲ್ ಎಲ್ಲ ಸೇರಿದರೂ ಶಾಕ್‌ನ ದುಡ್ಡಿಗಿಂತ ಕಮ್ಮಿಯಲ್ಲೇ ಮುಗಿಸಬಹುದು. ಅಪಾಯ ಅಂದರೆ ಕಾರಿಗೆ ಏನಾದರೂ ಆದರೆ ಸೋಮವಾರ ಆಫೀಸಿಗೆ ಹೋಗಲು ಕಾರಿಲ್ಲ. ಫಲಿತಾಂಶದ ನಿರೀಕ್ಷೆ ಇಟ್ಟುಕೊಂಡು ಹೋದರೆ ಬೇಜಾರಾಗುತ್ತೆ. ನೀವು ಡಾಂಬರಿನ ಜಾಗದಲ್ಲಿ ಕಲಿತವರು. ಲಿಂಕನ್‌ನ ಕಾಂಕ್ರೀಟ್ ಹಿಡಿತ ಜಾಸ್ತಿ, ಹೊಸಬರು ಮೊದಲ ರನ್‌ನಲ್ಲಿ ಅದನ್ನು ನಂಬದೆ ಬೇಗ ಬ್ರೇಕ್ ಹಾಕಿಬಿಡುತ್ತಾರೆ. ನಂಬಿಕೆ ಬರುವ ಹೊತ್ತಿಗೆ ಮೂರು ರನ್ ಮುಗಿದಿರುತ್ತೆ.

ಎರಡನೆಯದು, ಅನುಭವಿಗಳ ಕಾರಿನಲ್ಲಿ ಕೋ-ಡ್ರೈವ್. ಒಂದೇ ಕಾರನ್ನು ಇಬ್ಬರು ಓಡಿಸೋದು ಇಲ್ಲಿ ಮಾಮೂಲು. ಕಲಿಯೋಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ, ಯಾಕಂದರೆ ಕಾರು ಒಂದೇ ಆದ್ದರಿಂದ ವ್ಯತ್ಯಾಸ ಎಲ್ಲಿದೆ ಅಂತ ಮುಚ್ಚಿಡೋಕಾಗಲ್ಲ. ಆದರೆ ಎಂಜಿನ್ ಹೋದರೆ, ಗೇರ್‌ಬಾಕ್ಸ್ ಹೋದರೆ ಯಾರು ಕಟ್ಟಬೇಕು ಅನ್ನೋದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಒಳ್ಳೆ ಸ್ನೇಹ ಹಾಳಾದದ್ದು ನೋಡಿದ್ದೀನಿ. ಇಬ್ಬರು ಓಡಿಸಿದರೆ ಟೈರ್ ಬೇಗ ಬಿಸಿಯಾಗುತ್ತೆ, ನೀರು ಹೊಡೆಯುವ ಕೆಲಸ ನಿಮ್ಮ ಪಾಲಿಗೆ.

ಮೂರನೆಯದು, ಒಂದು ವರ್ಷ ಕಾದು ಅಷ್ಟರಲ್ಲಿ ಎರಡು ಮೂರು ಚಾಂಪ್ ಟೂರ್, ಒಂದೆರಡು ಪ್ರೊಸೋಲೊ (ಇಬ್ಬರು ಪಕ್ಕಪಕ್ಕದ ಕೋರ್ಸ್‌ಗಳಲ್ಲಿ ಓಡಿಸುವ ಈವೆಂಟ್) ಮಾಡೋದು, ಎವಲ್ಯೂಷನ್ ಸ್ಕೂಲ್ ಥರದ ಆಟೋಕ್ರಾಸ್ ಶಾಲೆಯಲ್ಲಿ ಒಂದು ದಿನ ಕೂತು ಕಲಿಯೋದು. ಇದು ಸೇಫ್. ಇದರ ತೊಂದರೆ, ಕಾಯುವುದು ಅಭ್ಯಾಸ ಆಗಿಬಿಡುತ್ತೆ. ಮುಂದಿನ ವರ್ಷ ಆಫೀಸಿನಲ್ಲಿ ಇನ್ನೇನೋ ಇರುತ್ತೆ.

ನಾನು ನಿಮ್ಮ ಜಾಗದಲ್ಲಿದ್ದರೆ ಈ ವರ್ಷವೇ ಹೋಗುತ್ತಿದ್ದೆ, ಸಾಧ್ಯವಾದರೆ ಕೋ-ಡ್ರೈವ್ ಆಗಿ, ಇಲ್ಲದಿದ್ದರೆ ನನ್ನ ಕಾರಲ್ಲಿ ಈಗಿರುವ ಶಾಕ್‌ನಲ್ಲೇ. ಲಿಂಕನ್‌ನ ಮೊದಲ ರನ್ ಹೇಗಿರುತ್ತೆ ಅಂತ ಲಿಂಕನ್‌ನಲ್ಲಿ ಮಾತ್ರ ಗೊತ್ತಾಗೋದು. ಆ ಸ್ಟಾರ್ಟ್ ಲೈನ್‌ನಲ್ಲಿ ಕಾಲು ನಡುಗುತ್ತೆ, ಎಷ್ಟೋ ವರ್ಷ ಓಡಿಸಿದ ನನಗೂ ನಡುಗುತ್ತೆ. ಆ ನಡುಕದ ಪರಿಚಯ ಒಂದು ಸಲ ಆಗಿಬಿಡಲಿ.

ಮನೆಯವರ ಪ್ರಶ್ನೆಗೆ ನೇರ ಉತ್ತರ ಕೊಡಿ. ಕೋರ್ಸ್ ಮೇಲಿನ ವೇಗ ಸಾಮಾನ್ಯವಾಗಿ ಹೆದ್ದಾರಿ ವೇಗದ ಒಳಗೇ ಇರುತ್ತೆ, ಡಿಕ್ಕಿ ಹೊಡೆಯಲು ಗೋಡೆ, ಕಂಬ ಹತ್ತಿರದಲ್ಲಿರದ ಹಾಗೆ ಕೋರ್ಸ್ ಮಾಡಿರುತ್ತಾರೆ. ನನಗೆ ಜಾಸ್ತಿ ಚಿಂತೆ ಆಗೋದು ಡ್ರೈವಿಂಗ್ ಬಗ್ಗೆ ಅಲ್ಲ, ಕೋನ್ ಎತ್ತುವ ಕೆಲಸದ ಬಗ್ಗೆ. ಎಲ್ಲರೂ ಒಂದು ಹೀಟ್ (ಗುಂಪಿನ ಸರದಿ) ಓಡಿಸಿ ಇನ್ನೊಂದು ಹೀಟ್ ಬಿಸಿಲಲ್ಲಿ ನಿಂತು ಕೆಲಸ ಮಾಡಬೇಕಲ್ವಾ? ಕೋರ್ಸ್‌ಗೆ ಬೆನ್ನು ತಿರುಗಿಸಬೇಡಿ, ಕೆಲಸದ ಹೊತ್ತಲ್ಲಿ ಫೋನ್ ಜೇಬಿನಿಂದ ತೆಗೆಯಬೇಡಿ. ಇನ್ಶೂರೆನ್ಸ್ ಪಾಲಿಸಿ ತೆಗೆದು "ಟೈಮ್ಡ್ ಈವೆಂಟ್" ಬಗ್ಗೆ ಏನಿದೆ ಓದಿ. ಎಷ್ಟೋ ಪಾಲಿಸಿಗಳು ಇದನ್ನು ಹೊರಗಿಡುತ್ತವೆ, ಅಂದರೆ ಕಾರಿಗೆ ಏನಾದರೂ ಆದರೆ ಖರ್ಚು ನಿಮ್ಮದೇ. ಇದನ್ನು ಮನೆಯಲ್ಲಿ ಮುಚ್ಚಿಡಬೇಡಿ. ಹೆಲ್ಮೆಟ್ ಒಳಗಿನ ಸ್ನೆಲ್ (ಸುರಕ್ಷತಾ ಪ್ರಮಾಣ) ಸ್ಟಿಕ್ಕರ್ ಯಾವ ವರ್ಷದ್ದು ನೋಡಿಕೊಳ್ಳಿ, ಹಳೆಯದಾಗಿದ್ದರೆ ಟೆಕ್ ತಪಾಸಣೆಯಲ್ಲೇ ನಿಲ್ಲಿಸುತ್ತಾರೆ.

ಅಷ್ಟರಲ್ಲಿ ಎರಡು ಕೆಲಸ ಮಾಡಿ. ಮುಂದಿನ ಲೋಕಲ್ ಈವೆಂಟ್‌ನಲ್ಲಿ ಮೊದಲ ರನ್ ಒಂದೇ ಇರೋದು ಅಂದುಕೊಂಡು ಓಡಿಸಿ, ಉಳಿದವು ಸುಮ್ನೆ ಬೋನಸ್. ಆ ಮೊದಲ ರನ್ನಿಗೂ ದಿನದ ನಿಮ್ಮ ಒಳ್ಳೆಯ ರನ್ನಿಗೂ ಎಷ್ಟು ಅಂತರ ಅಂತ ಪ್ರತಿ ಸಲ ಬರೆದಿಡಿ. ಈವೆಂಟ್ ಮುಗಿದ ಮೇಲೆ ಫನ್ ರನ್ ಬಿಡುತ್ತಾರಲ್ಲ, ಆಗ ನಿಮ್ಮ ಊರಿನ ಅತಿ ವೇಗದವರಿಗೆ ನಿಮ್ಮ ಕೀ ಕೊಟ್ಟು, ನೀವು ಪಕ್ಕದ ಸೀಟಲ್ಲಿ ಕೂತು, ಅವರ ಕಣ್ಣು ಎಲ್ಲಿ ನೋಡುತ್ತೆ ಅಂತ ಗಮನಿಸಿ. ನಿಮ್ಮ ಮೊದಲ ರನ್ ಟೈಮ್, ನಿಮ್ಮ ಕಾರಲ್ಲಿ ಅವರ ಮೊದಲ ರನ್ ಟೈಮ್, ಎರಡನ್ನೂ ನನಗೆ ಕಳಿಸಿ. ಶಾಕ್ ಬಗ್ಗೆ ಆಮೇಲೆ ಮಾತಾಡೋಣ.